ಒಂದು ಟೇಪು ಅಗಲದ ಸೇತುವೆ

ಸಾಯುವುದರಲ್ಲಿ ಉಗ್ರಾಣಿಯದು ಎತ್ತಿದ ಕೈ. ಕೋಟೆ ಬಾಗಿಲಲ್ಲಿ ಸತ್ತಿದ್ದ, ಸುರಂಗದ ಬಾಯಲ್ಲಿ ಸತ್ತಿದ್ದ, ಒಮ್ಮೆಯಂತೂ ರಾಜನ ಅಡುಗೆಮನೆ ಮುಂದೆ ನಿಂತು ಆಕಳಿಸುತ್ತಿದ್ದಾಗಲೇ ಸತ್ತಿದ್ದ. ಇದೆಲ್ಲ ನಡೆಯುತ್ತಿದ್ದುದು ಭಾನುವಾರ ಮಧ್ಯಾಹ್ನ, ಅವನದೇ ಮನೆಯ ಊಟದ ಮೇಜಿನ ಸುತ್ತ. ಸತ್ತ ಮೇಲೆ ಎಲ್ಲರಿಗೂ ಟೀ ಮಾಡಿಕೊಡುವ ಕೆಲಸವೂ ಅವನದೇ ಆಗಿತ್ತು.

ಗಾಬರಿಯಾಗಬೇಡಿ, ಅದು ಆಟ. ಉಗ್ರಾಣಿಯ ಬಾಮೈದ ಔಷಧಿ ಅಂಗಡಿ ಇಟ್ಟವನು. ವಾರವೆಲ್ಲ ಊರವರ ಕೆಮ್ಮು ಕೇಳಿ ಕೇಳಿ ಬೇಸತ್ತು, ಭಾನುವಾರ ಅಕ್ಕನ ಮನೆಗೆ ಬಂದು ಮಾಂತ್ರಿಕನಾಗುತ್ತಿದ್ದ. ಉಗ್ರಾಣಿಯ ಮಗಳು ಕಾಲೇಜು ಹುಡುಗಿ, ಅವಳು ಬಿಲ್ಲುಗಾರ್ತಿ. ಈ ಆಟಕ್ಕೆ ಕಾಯಿಯೂ ಬೇಡ, ಎಲೆಯೂ ಬೇಡ. ಒಬ್ಬರು ಮೇಜಿನ ತಲೆಕಡೆಯ ಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗಿ ‘ನಾನೀಗ ಹೀಗೆ ಮಾಡ್ತೀನಿ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಇಪ್ಪತ್ತು ಬಿದ್ದರೆ ಪವಾಡ, ಒಂದು ಬಿದ್ದರೆ ಕಥೆ ಮುಗಿದಂತೆ. ಉಗ್ರಾಣಿಯ ಕೈಗೂ ಇಪ್ಪತ್ತಕ್ಕೂ ಹಿಂದಿನಿಂದ ಮಾತುಕತೆಯಿರಲಿಲ್ಲ. ಕಥೆಯ ಕುರ್ಚಿಯಲ್ಲಿ ಸೋದರಮಾವನೋ ಸೊಸೆಯೋ ಸರದಿ ಮೇಲೆ ಕೂರುತ್ತಿದ್ದರು. ಉಗ್ರಾಣಿ ಮಾತ್ರ ಖಾಯಂ ಕಾವಲುಗಾರ.

ಇಷ್ಟು ಹೇಳಿದ ಮೇಲೆ ಅವನ ನಿಜವಾದ ಕೆಲಸವನ್ನೂ ಹೇಳಿಬಿಡಬೇಕು. ಊರಿನ ಕಾಮಗಾರಿ ಕಚೇರಿಯ ಉಗ್ರಾಣಕ್ಕೆ ಅವನೇ ಯಜಮಾನ. ಗುದ್ದಲಿ, ಹಗ್ಗ, ಪೈಪು, ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು ಎಲ್ಲ ಅವನ ಸುಪರ್ದಿಯಲ್ಲಿ. ಹೆಂಡತಿ ಅವನಿಗಿಂತ ದೊಡ್ಡ ಯಜಮಾನಿ. ಮನೆಯ ಹಿಂದಿನ ಕಾಲುವೆಗೆ ಒಂದು ಸಣ್ಣ ಕಬ್ಬಿಣದ ಕಾಲುಸೇತುವೆಯಿತ್ತು. ಅದನ್ನು ದಾಟಿದರೆ ಆಚೆ ತುದಿಯಲ್ಲೇ ಅವಳ ಟೈಲರ್ ಅಂಗಡಿ. ಶಾಲೆಗಳು ಶುರುವಾಗುವ ಕಾಲ. ಈಚೆ ಬದಿಯ ಬೀದಿಗಳ ಮಕ್ಕಳೆಲ್ಲ ಸೇತುವೆ ದಾಟಿ ಸಮವಸ್ತ್ರಕ್ಕೆ ಅಳತೆ ಕೊಡಲು ಅವಳ ಬಳಿಗೇ ಹೋಗುತ್ತಿದ್ದರು. ವರ್ಷವೆಲ್ಲ ಅಂಗಡಿ ನಿಲ್ಲುತ್ತಿದ್ದುದು ಈ ಕೆಲವು ವಾರದ ಹೊಲಿಗೆಯ ಮೇಲೆ. ಹೀಗಾಗಿ ಭಾನುವಾರವೂ ಅಂಗಡಿ ತೆಗೆಯುತ್ತಿದ್ದಳು. ಈ ಆಟದ ಬಗ್ಗೆ ಅವಳದು ಒಂದೇ ಮಾತು: “ಸಾಯೋದಾದ್ರೆ ಸಾಯ್ರಿ, ಟೀ ಲೋಟ ಮಾತ್ರ ತೊಳೆದಿಟ್ಟು ಸಾಯ್ರಿ.”

ಹೀಗಿರುವಾಗ ಒಂದು ಭಾನುವಾರ ಉಗ್ರಾಣಿ ಬಾಮೈದನ ಕಥೆಯ ಬೆಂಕಿಯುಗುಳುವ ಡ್ರ್ಯಾಗನ್ ಕೈಯಲ್ಲಿ ಸತ್ತ. ಯಾವತ್ತೂ ಸುಮ್ಮನೆ ಎದ್ದು ಟೀಗೆ ಹೋಗುವವನಿಗೆ ಅಂದು ಏಕೋ ಸ್ವಾಭಿಮಾನ ಕೆರಳಿತು.

“ಅಲ್ಲಯ್ಯಾ, ಎಷ್ಟು ದಿನ ಅಂತ ಇದೇ ಡ್ರ್ಯಾಗನ್ನು? ಯಾವತ್ತಾದ್ರೂ ಪೇಪರ್ ಓದಿದೀಯಾ ನೀನು? ನಿನ್ನ ಡ್ರ್ಯಾಗನ್‌ನ ಅಜ್ಜನಂಥ ಸುದ್ದಿ ಬರ್ತವೆ ಅದರಲ್ಲಿ!”

ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದ. ಪತ್ರಿಕೆಯ ಮೂಲೆಗಳಲ್ಲಿ ಬರುವ ವಿಚಿತ್ರ ಸುದ್ದಿಗಳನ್ನು ಕತ್ತರಿಸಿ ಕೂಡಿಡುವುದು ಅವನ ಹಳೆಯ ಚಟ. ಜೈಲು ಕಾಯುವ ಬಾತುಕೋಳಿಗಳು, ಚುನಾವಣೆಗೆ ನಿಂತ ಬೆಕ್ಕು, ತಾನು ಬದುಕಿದ್ದೇನೆಂದು ಸಾಬೀತು ಮಾಡಲು ಕಚೇರಿ ಕಚೇರಿ ಅಲೆದ ಮನುಷ್ಯ. ಎಲ್ಲಕ್ಕಿಂತ ಅವನಿಗೆ ಅಚ್ಚುಮೆಚ್ಚಿನದು ಒಂದಿತ್ತು. ಅದನ್ನು ಕನ್ನಡಕ ಸರಿಮಾಡಿಕೊಂಡು ಓದಿದ. ಯಾವುದೋ ಊರಿನಲ್ಲಿ ಕಳ್ಳರು ಸರ್ಕಾರಿ ಕೆಲಸಗಾರರ ಹಾಗೆ ಜಾಕೆಟ್ಟು ಹಾಕಿಕೊಂಡು ಹಾಡಹಗಲೇ ಬಂದು, ಇಡೀ ಕಬ್ಬಿಣದ ಸೇತುವೆಯನ್ನು ತುಂಡು ಮಾಡಿ ಲಾರಿಯಲ್ಲಿ ಹೇರಿಕೊಂಡು ಹೋದರಂತೆ. ಊರವರು ನಿಂತು ನೋಡಿದ್ದಷ್ಟೇ ಅಲ್ಲ, ಪಾಪ ಬಿಸಿಲಲ್ಲಿ ದುಡಿಯುತ್ತಿದ್ದಾರೆಂದು ಕುಡಿಯಲು ನೀರೂ ಕೊಟ್ಟರಂತೆ.

ಬಾಮೈದ ತುಣುಕನ್ನು ಇಸಿದುಕೊಂಡು ತಾನೂ ಒಮ್ಮೆ ಓದಿದ. ಆಮೇಲೆ, “ಭಾವ, ಇದು ಚೆನ್ನಾಗಿದೆ. ಮುಂದಿನ ಭಾನುವಾರ ನೀವೇ ಕುರ್ಚೀಲಿ ಕೂತ್ಕೊಳ್ಳಿ. ನಾವು ಕಳ್ಳರು, ನೀವು ಕಥೆ ಹೇಳೋರು,” ಎಂದ.

“ಆದ್ರೆ ಅಪ್ಪ,” ಎಂದಳು ಮಗಳು, “ಸೇತುವೆ ಎಷ್ಟುದ್ದ, ಎಷ್ಟಗಲ, ಬಿಚ್ಚೋಕೆ ಎಷ್ಟು ಹೊತ್ತು ಬೇಕು, ಎಲ್ಲಾ ಕೇಳ್ತೀವಿ. ತಡವರಿಸಿದ್ರೆ ಕುರ್ಚಿ ಬಿಟ್ಟೇಳ್ಬೇಕು. ರೂಲ್ಸ್ ಅಂದ್ರೆ ರೂಲ್ಸ್.”

“ಕೇಳಮ್ಮಾ, ಒಂದೊಂದು ನಟ್ಟಿನ ಲೆಕ್ಕ ಬೇಕಾದ್ರೂ ಕೇಳು,” ಎಂದು ಉಗ್ರಾಣಿ ಎದೆಯುಬ್ಬಿಸಿ ಟೀ ಮಾಡಲು ಹೋದ.

ಮಾತು ಕೊಟ್ಟ ಮೇಲೆ ಅಳತೆ ಬೇಕಲ್ಲ. ಊರಿನಲ್ಲಿದ್ದ ಕಬ್ಬಿಣದ ಸೇತುವೆ ಮನೆ ಹಿಂದಿನದೊಂದೇ. ಉಗ್ರಾಣದ ಉದ್ದನೆಯ ಟೇಪನ್ನು ಯಾರೋ ಕೊಂಡೊಯ್ದವರು ತಂದಿಟ್ಟಿರಲಿಲ್ಲ. ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ಹೆಂಡತಿಯ ಹಳೆಯ ಟೇಪು ನೇತಾಡುತ್ತಿತ್ತು. ಹೊಲಿಗೆ ಕಲಿತ ದಿನದಿಂದ ಅವಳ ಬಳಿಯಿದ್ದ ಹಳದಿ ಟೇಪು ಅದು. ತುದಿಯ ತಗಡು ಕಿತ್ತುಹೋಗಿ, ಅಲ್ಲಿಗೆ ಕೆಂಪು ದಾರ ಸುತ್ತಿ ಸುತ್ತಿ ಗಂಟು ಹಾಕಿದ್ದಳು. ಅಂಗಡಿಯಲ್ಲಿ ಬೇರೆ ಟೇಪುಗಳಿದ್ದರೂ ಇಕ್ಕಟ್ಟಿನ ಅಳತೆ ಬಂದರೆ ಇದನ್ನೇ ಒಯ್ಯುತ್ತಿದ್ದಳು. ಮಂಗಳವಾರ ಬೆಳಿಗ್ಗೆ, ಮಧ್ಯಾಹ್ನದೊಳಗೆ ವಾಪಸ್ಸು ತೂಗುಹಾಕಿದರಾಯಿತು ಎಂದುಕೊಂಡು ಉಗ್ರಾಣಿ ಅದನ್ನು ಜೇಬಿಗಿಳಿಸಿದ. ಜನ ಬಂದು ಏನು ಎತ್ತ ಎಂದು ಕೇಳಿ ಕಿರಿಕಿರಿ ಮಾಡದಿರಲೆಂದು ಉಗ್ರಾಣದಿಂದ ಒಂದು ಜಾಕೆಟ್ಟನ್ನೂ ಹೆಲ್ಮೆಟ್ಟನ್ನೂ ಹಾಕಿಕೊಂಡ. ಬುದ್ಧಿವಂತಿಕೆ ಎಲ್ಲಿಗೆ ಕೊಂಡೊಯ್ಯುತ್ತದೆ ನೋಡಿ.

ಹೆಂಡತಿ ಅಷ್ಟರಲ್ಲಾಗಲೇ ಆಚೆ ಬದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತಿದ್ದಳು. ಉಗ್ರಾಣಿ ಈಚೆ ತುದಿಯಿಂದ ಶುರು ಮಾಡಿದ. ಶರ್ಟಿಗೆ ಅಳತೆ ತೆಗೆಯುವ ಟೇಪಿನಲ್ಲಿ ಸೇತುವೆ ಅಳೆಯುವುದು ಸುಲಭವಲ್ಲ. ಮಂಡಿಯೂರಿ, ಹೆಬ್ಬೆರಳು ಒತ್ತಿ ಗುರುತಿಟ್ಟು, ತೆವಳುತ್ತ ಮುಂದೆ ಹೋಗಬೇಕು. ನಡುವೆ ಯಾರಾದರೂ ದಾಟಿದರೆ ಗುರುತು ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಅಂತೂ ಉದ್ದ ಮುಗಿಸಿ, ಈಚೆ ತುದಿಗೆ ವಾಪಸ್ಸಾಗಿ ಅಗಲಕ್ಕೆ ಬಂದ. ಎರಡು ಕೈ ಸಾಲದೆ ಒಂದು ತುದಿಯನ್ನು ಈ ಕಡೆ ಕಂಬಿಗೆ ಕಟ್ಟಿ, ಇನ್ನೊಂದನ್ನು ಆ ಕಡೆಗೆ ಎಳೆದ. ಸೇತುವೆಯ ಅಗಲ ಸರಿಯಾಗಿ ಒಂದು ಟೇಪು! ಗಂಟು ಹಾಕುವಷ್ಟು ಮಾತ್ರ ಮಿಕ್ಕಿತು. ಖುಷಿಯಿಂದ ಆ ತುದಿಗೂ ಒಂದು ಗಂಟು ಹಾಕಿ, ಹಿಂದೆ ಸರಿದು ನಿಂತು ನೋಡಿದ.

ಆಗಲೇ ಬಂದವರು ನಿವೃತ್ತ ಹೆಡ್‌ಮೇಷ್ಟ್ರು. ಪಕ್ಕದ ಮನೆಯವರು. ಊರಿನಲ್ಲಿ ಆಗುವುದೆಲ್ಲ ತಮಗೆ ಮೊದಲು ತಿಳಿಯಬೇಕು, ತಿಳಿದ ಮೇಲೆ ಎಲ್ಲರಿಗೂ ತಿಳಿಯಬೇಕು ಎಂಬ ಸ್ವಭಾವ.

“ಏನಯ್ಯಾ ಉಗ್ರಾಣಿ, ಅಳತೆ ಜೋರಾಗಿದೆ? ಸೇತುವೆ ರಿಪೇರಿನೋ, ಇಲ್ಲಾ ತೆಗೆದೇ ಬಿಡ್ತಾರೋ?”

ಉಗ್ರಾಣಿಯ ಮೈ ಇಲ್ಲಿತ್ತು, ಮನಸ್ಸು ಭಾನುವಾರದ ಕುರ್ಚಿಯಲ್ಲಿತ್ತು. ಕಳ್ಳರ ಲಾರಿ ಎಲ್ಲಿ ನಿಲ್ಲಬಹುದು ಎಂದು ಯೋಚಿಸುತ್ತ, “ತೆಗೆಯೋಕೆ ಎಷ್ಟು ಹೊತ್ತು ಬೇಕಾಗುತ್ತೆ ಅಂತಾನೇ ನೋಡ್ತಿದೀನಿ ಮೇಷ್ಟ್ರೇ,” ಎಂದುಬಿಟ್ಟ.

“ತೆಗೀತಾರಾ!” ಮೇಷ್ಟ್ರ ಗಂಟಲು ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದ ಗಂಟಲು. ಮೂಲೆಯ ಹಣ್ಣಿನವಳು ತಕ್ಕಡಿ ಕೆಳಗಿಟ್ಟಳು. “ಏನಂದ್ರಿ, ಸೇತುವೆ ತೆಗೀತಾರಾ? ನನ್ನ ಗಿರಾಕಿಗಳೆಲ್ಲ ಆಚೆಯಿಂದ್ಲೇ ಬರೋದು!” ಸೈಕಲ್ಲಿನವನೊಬ್ಬ ಇಳಿದ. ನಾಲ್ಕು ಜನ ಎಂಟಾದರು. “ಯಾವತ್ತು ತೆಗೀತಾರೆ?” “ಹೊಸದು ಕಟ್ತಾರಾ?” “ನಮ್ಮನ್ನ ಒಂದು ಮಾತು ಕೇಳೋದಲ್ವಾ?” ಉಗ್ರಾಣಿ, “ಅಲ್ಲಲ್ಲ, ಇದು ಭಾನುವಾರಕ್ಕೆ…” ಎಂದ. “ಭಾನುವಾರವೇ ಅಂತೆ!” ಎಂದರು ಮೇಷ್ಟ್ರು. ಇನ್ನು ನಿಂತರೆ ಉಳಿಗಾಲವಿಲ್ಲವೆಂದು ಉಗ್ರಾಣಿ ಕಾಲಿಗೆ ಬುದ್ಧಿ ಹೇಳಿದ. ಕಚೇರಿಯ ಗೇಟು ಹೊಕ್ಕ ಮೇಲೆ ಜೇಬು ಮುಟ್ಟಿ ನೋಡಿಕೊಂಡ. ಟೇಪು ಸೇತುವೆಯಲ್ಲೇ ಉಳಿದಿತ್ತು.

ಅಲ್ಲಿ ಸೇತುವೆಯ ಬಾಯಿಗೆ ಅಡ್ಡಲಾಗಿ ಬೆರಳಗಲದ ಹಳದಿ ಪಟ್ಟಿ ಗಾಳಿಗೆ ಅಲ್ಲಾಡುತ್ತಿತ್ತು. ಬಗ್ಗಿದರೆ ದಾಟಬಹುದಿತ್ತು; ಬಿಚ್ಚಿದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಜಾಕೆಟ್ಟು ಹಾಕಿದವನು ಕಟ್ಟಿದ್ದನ್ನು ಬಿಚ್ಚುವವರು ಯಾರು? ತರಕಾರಿ ಚೀಲದವರು ಬಂದರು, ನಿಂತರು, ನಿಟ್ಟುಸಿರು ಬಿಟ್ಟರು, ದೊಡ್ಡ ರಸ್ತೆಯ ಸೇತುವೆಗೆ ಸುತ್ತು ಹಾಕಿಕೊಂಡು ಹೋದರು. ಸೇತುವೆ ಮುಚ್ಚಿದೆ ಎಂಬ ಸುದ್ದಿ ಕಚೇರಿಗೆ ತಲುಪಿತು. ಮುಚ್ಚಿದ ಸೇತುವೆಗೆ ಬರೀ ಪಟ್ಟಿ ಕಟ್ಟಿದರೆ ಜವಾಬ್ದಾರಿಯಲ್ಲ ಎಂದು ಕಚೇರಿಯವರು ಮಧ್ಯಾಹ್ನದ ಹೊತ್ತಿಗೆ ಎರಡು ಕಬ್ಬಿಣದ ತಡೆಗಳನ್ನು ತಂದು ನಿಲ್ಲಿಸಿದರು. ಟೇಪನ್ನು ಜೋಪಾನವಾಗಿ ಬಿಚ್ಚಿ ಇಂಜಿನಿಯರ್ ಸಾಹೇಬರ ಮೇಜಿನ ಮೇಲಿಟ್ಟರು.

ಆ ಸಂಜೆ ಹೆಂಡತಿ ದೊಡ್ಡ ರಸ್ತೆ ಸುತ್ತಿ ಮನೆ ಸೇರಿದಾಗ ಅವಳ ಮುಖ ನೋಡುವ ಹಾಗಿರಲಿಲ್ಲ.

“ಮಧ್ಯಾಹ್ನದಿಂದ ಒಂದು ನರಪಿಳ್ಳೆ ಬಂದಿಲ್ಲ ಕಣ್ರೀ ಅಂಗಡಿಗೆ! ಈಚೆಯವರೆಲ್ಲ ಬಸ್‌ಸ್ಟ್ಯಾಂಡಿನ ಟೈಲರ್ ಹತ್ರ ಹೋಗ್ತಿದಾರಂತೆ. ಆ ಮನುಷ್ಯ ಕಾಲರಿಗೂ ಕಿಸೆಗೂ ವ್ಯತ್ಯಾಸ ಗೊತ್ತಿಲ್ಲದೋನು! ಯಾವ ಪುಣ್ಯಾತ್ಮ ಮುಚ್ಚಿಸಿದ್ನೋ, ನನ್ನ ಕೈಗೆ ಸಿಗ್ಲಿ, ಅಳತೇನೇ ತೆಗೀದೆ ಹೊಲಿದುಬಿಡ್ತೀನಿ ಅವನನ್ನ.”

ಉಗ್ರಾಣಿ ತಟ್ಟೆಯಲ್ಲಿ ಮುಖ ಹುದುಗಿಸಿದ.

“ನಿಮ್ಮ ಆಫೀಸಿನೋರೇ ಅಲ್ವಾ ಇದೆಲ್ಲ ಮಾಡೋದು? ನಾಳೆ ಹೋಗಿ ಇಂಜಿನಿಯರನ್ನ ಕೇಳಿ. ಮುಚ್ಚಿಸಿದೋನು ಯಾರು ಅಂತ ತಿಳ್ಕೊಂಡೇ ಬನ್ನಿ. ಆಮೇಲೆ, ಬಾಗಿಲ ಹಿಂದೆ ಇದ್ದ ನನ್ನ ಟೇಪೆಲ್ಲಿ?”

“ಇರುತ್ತೆ… ಎಲ್ಲೋ ಇರುತ್ತೆ,” ಎಂದ ಉಗ್ರಾಣಿ. ಅದು ಸುಳ್ಳಲ್ಲ.

ಹೀಗೆ ತನ್ನ ಮೇಲೆ ತಾನೇ ದೂರು ಕೊಡಲು ಮರುದಿನ ಉಗ್ರಾಣಿ ಇಂಜಿನಿಯರ್ ಸಾಹೇಬರ ಕೋಣೆಗೆ ಹೋದ. ಸಾಹೇಬರ ಸ್ಥಿತಿಯೂ ಚೆನ್ನಾಗಿರಲಿಲ್ಲ. ತಮ್ಮ ಊರಿನ ಸೇತುವೆಯೊಂದು ತಮಗೇ ಗೊತ್ತಿಲ್ಲದೆ ಮುಚ್ಚಿತ್ತು. ವಾರ್ಡಿನ ಸದಸ್ಯರು ಫೋನು ಮಾಡಿ, “ಸೇತುವೆ ಕೆಲಸ ಯಾವಾಗ ಶುರು?” ಎಂದಾಗ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, “ಶುರುವಾಗಿದೆ ಸಾರ್” ಎಂದುಬಿಟ್ಟಿದ್ದರು.

ಉಗ್ರಾಣಿ ಕೈ ಹಿಸುಕಿಕೊಂಡು ನಿಂತ. “ಸಾರ್, ಅಳತೆ ಮಾಡಿದ್ದು ನಾನೇ.”

“ಅದು ಗೊತ್ತು. ನಿಮ್ಮನ್ನ ನೋಡಿದೋರು ಬೇಕಾದಷ್ಟು ಜನ ಇದಾರೆ. ಯಾರು ಹೇಳಿ ಮಾಡ್ಸಿದ್ರು, ಅದನ್ನ ಹೇಳಿ.”

“ಯಾರೂ ಇಲ್ಲ ಸಾರ್. ನಮ್ಮನೇಲಿ ಭಾನುವಾರ ಒಂದು ಆಟ ಆಡ್ತೀವಿ. ಅದ್ರಲ್ಲಿ ಕಳ್ಳರು ಸೇತುವೆ ಕದೀತಾರೆ. ಪೇಪರಲ್ಲಿ ಬಂದ ಸುದ್ದಿ ಸಾರ್, ನನ್ನ ಹತ್ರ ಇದೆ ಬೇಕಾದ್ರೆ. ಕಥೆ ಹೇಳೋಕೆ ನಂಗೆ ಅಳತೆ ಬೇಕಿತ್ತು, ಅದಕ್ಕೆ…”

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿದರು.

“ಉಗ್ರಾಣಿ, ಇಷ್ಟು ವರ್ಷದಲ್ಲಿ ನೀವು ಒಂದು ಮೊಳೆ ಬಗ್ಗೇನೂ ಸುಳ್ಳು ಹೇಳಿದೋರಲ್ಲ. ನಿಮ್ಮಂಥೋರ ಬಾಯಲ್ಲಿ ಇಂಥ ಸುಳ್ಳು ಹೇಳಿಸ್ತಾರೆ ಅಂದ್ರೆ, ಆದೇಶ ತುಂಬಾ ಮೇಲಿಂದಾನೇ ಬಂದಿರ್ಬೇಕು.”

“ಅಯ್ಯೋ ಸಾರ್!”

“ಬೇಡ, ಹೆಸರು ಹೇಳ್ಬೇಡಿ. ನಂಗೆಲ್ಲಾ ಅರ್ಥವಾಯ್ತು.” ಡ್ರಾಯರಿನಿಂದ ಟೇಪು ತೆಗೆದು ಎರಡೂ ಕೈಯಲ್ಲಿ ಹಿಡಿದರು. “ಇದನ್ನ ನೋಡಿದಾಗ್ಲೇ ಅನುಮಾನ ಬಂತು. ನಮ್ಮ ಉಗ್ರಾಣದ ಮಾಲಲ್ಲ ಇದು. ಎಷ್ಟು ಸೂಕ್ಷ್ಮವಾದ ಗೆರೆಗಳು! ತುದೀಲಿ ಕೆಂಪು ದಾರದ ಗುರುತು ಬೇರೆ. ಎಲ್ಲಾರ ಕೈಗೂ ಕೊಡೋ ಟೇಪಾ ಇದು?”

“ಅದು ನನ್ನ ಹೆಂಡ್ತೀದು ಸಾರ್. ಕೊಟ್ಬಿಡಿ, ಮನೇಲಿ ಹುಡುಕ್ತಿದಾಳೆ.”

“ಪಾಪ, ಹೆಂಡ್ತೀನೂ ಎಳೀಬೇಕಾ ಇದಕ್ಕೆ?” ಎಂದು ಸಾಹೇಬರು ಟೇಪನ್ನು ಮತ್ತೆ ಡ್ರಾಯರಿಗೆ ಸೇರಿಸಿ ಬೀಗ ಹಾಕಿದರು.

ಉಗ್ರಾಣಿ ಕಡೆಯ ಪ್ರಯತ್ನ ಮಾಡಿದ. “ಏನೇ ಇರ್ಲಿ ಸಾರ್, ಅದನ್ನ ರದ್ದು ಮಾಡಿ ಸೇತುವೆ ಬಿಟ್ಬಿಡಿ. ಜನಕ್ಕೆ ತುಂಬಾ ತೊಂದರೆ.”

“ಏನನ್ನ ರದ್ದು ಮಾಡ್ಲಿ? ಆದೇಶ ಅಂತ ಒಂದು ಕೈಗೆ ಬಂದಿದ್ರೆ ತಾನೇ ರದ್ದು ಮಾಡೋದು? ಬಂದಿರೋ ಆದೇಶ ರದ್ದು ಮಾಡಬಹುದು ಉಗ್ರಾಣಿ, ಬರದೇ ಇರೋದನ್ನ ಯಾರೂ ರದ್ದು ಮಾಡೋಕಾಗಲ್ಲ.” ಸಾಹೇಬರು ಹಣೆಯೊರೆಸಿಕೊಂಡರು. “ಮುಚ್ಚಿದ ಮೇಲೆ ಏನಾದ್ರೂ ಮಾಡ್ಲೇಬೇಕಲ್ಲ? ಸೋಮವಾರ ಕಂಟ್ರಾಕ್ಟರು ಗ್ಯಾಸ್ ಕಟರ್ ತರ್ತಾನೆ. ಕತ್ತರಿಸಿ ತೆಗೆದುಬಿಡೋಣ.”

“ಆಮೇಲೆ ಹೊಸ ಸೇತುವೆ?”

“ಅದಕ್ಕೆ ಆದೇಶ ಬೇಕಲ್ರೀ!” ಎಂದರು ಸಾಹೇಬರು, ಇಂಥ ಹಿರಿಯ ನೌಕರನಿಗೆ ಇಷ್ಟೂ ತಿಳಿಯದೇ ಎಂಬಂತೆ.

ಮನೆಯಲ್ಲಿ ಹೆಂಡತಿ ದಿನವೂ ಸಂಜೆ ಅದನ್ನೇ ಕೇಳಿದಳು. “ಗೊತ್ತಾಯ್ತಾ ಯಾರು ಅಂತ?” “ಇನ್ನೂ ವಿಚಾರಣೆ ನಡೀತಿದೆ.” ಅಳೆದವನು ಉಗ್ರಾಣಿ ಎಂಬುದು ಬೀದಿಗೆಲ್ಲ ಗೊತ್ತಿದ್ದರೂ ಅದನ್ನು ಅವಳ ಕಿವಿಗೆ ಹಾಕುವ ಧೈರ್ಯ ಮೇಷ್ಟ್ರಿಗೂ ಇರಲಿಲ್ಲ. ಮೇಷ್ಟ್ರು ದಿನವೂ ತಡೆಯ ಮುಂದೆ ನಿಂತು, ಇಂಥ ಭದ್ರವಾದ ಸೇತುವೆ ತೆಗೆಯುವುದು ಅನ್ಯಾಯವೆಂದು ಬೆಳಿಗ್ಗೆಯೂ, ಇಷ್ಟು ಹಳೆಯ ಸೇತುವೆ ಇಷ್ಟು ದಿನ ಬಿಟ್ಟದ್ದೇ ತಪ್ಪೆಂದು ಸಂಜೆಯೂ ಭಾಷಣ ಮಾಡಿದರು. ಶನಿವಾರ ಹೆಂಡತಿ ಬಂದವಳು ಬೈಯಲೂ ಇಲ್ಲ. ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತು, “ಸೇತುವೆ ಹೋದ್ರೆ ಅಂಗಡಿ ಮುಚ್ಚೋದೇ ಸೈ ಕಣ್ರೀ,” ಎಂದಳು ಅಷ್ಟೇ. ಬೈದಿದ್ದರೆ ಉಗ್ರಾಣಿ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಎದ್ದು ಹೋಗಿ ಅವಳಿಗೊಂದು ಲೋಟ ಟೀ ಮಾಡಿ ತಂದಿಟ್ಟ.

ಭಾನುವಾರ ಬಂತು. ಹೆಂಡತಿ ಬರುವವರಿಲ್ಲದಿದ್ದರೂ ಹಟಕ್ಕೆ ಬಿದ್ದು ಅಂಗಡಿಗೆ ಹೋಗಿದ್ದಳು. ಉಗ್ರಾಣಿ ಎಷ್ಟೋ ಕಾಲದಿಂದ ಆಸೆಪಟ್ಟ ಕುರ್ಚಿಯಲ್ಲಿ ಕೂತ. ಮಾವ ಸೊಸೆ ದಾಳ ಹಿಡಿದು ಕಾದರು.

“ಒಂದೂರಲ್ಲಿ ಒಂದು ಸೇತುವೆ ಇತ್ತು,” ಎಂದ ಉಗ್ರಾಣಿ. “ಅದನ್ನ ನಾನೇ ಮುಚ್ಚಿಸ್ದೆ ಕಣ್ರೋ,” ಎಂದು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ.

ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗಳೂ ನಕ್ಕಳು, ಆದರೆ ಅಪ್ಪನ ಕಣ್ಣು ನೋಡಿ ತಟ್ಟನೆ ನಿಲ್ಲಿಸಿದಳು.

“ಭಾವ, ಅಕ್ಕಂಗೆ ಗೊತ್ತಾ?”

“ಗೊತ್ತಾಗಿದ್ರೆ ನಾನಿಲ್ಲಿ ಇಡಿಯಾಗಿ ಕೂತಿರ್ತಿದ್ನಾ?”

ಮಗಳು ಬಿಸ್ಕತ್ತಿನ ಡಬ್ಬಿ ಎಳೆದುಕೊಂಡು ಆ ಸುದ್ದಿಯ ತುಣುಕನ್ನು ಮತ್ತೆ ಓದಿದಳು. “ಅಪ್ಪ, ಈ ಕಳ್ಳರನ್ನ ಯಾರೂ ಯಾಕೆ ತಡೀಲಿಲ್ಲ?”

“ಜಾಕೆಟ್ಟು ಹಾಕಿದ್ರಲ್ಲಮ್ಮಾ.”

“ಜಾಕೆಟ್ಟು ಹಾಕ್ಕೊಂಡು ಸೇತುವೆ ಕದಿಯಬಹುದು ಅಂದ್ರೆ, ಜಾಕೆಟ್ಟು ಹಾಕ್ಕೊಂಡು ವಾಪಸ್ಸೂ ಕೊಡಬಹುದು. ಶುರುವಾಗದ ಕೆಲಸಾನ ನಿಲ್ಸೋಕಾಗಲ್ಲ ಅಲ್ವಾ? ಸರಿ, ಮುಗಿಸಿಬಿಡೋಣ!”

ಬಾಮೈದ ಎದ್ದು ನಿಂತ. “ದಾಳ ಹಾಕೋಣ್ವಾ?”

“ದಾಳ ಬೇಡ,” ಎಂದ ಉಗ್ರಾಣಿ ಗಾಬರಿಯಿಂದ. “ನನ್ನ ಕೈ ನಿಮಗೆ ಗೊತ್ತಲ್ಲ.”

ಸೋಮವಾರ ಬೆಳಕು ಹರಿಯುತ್ತಿದ್ದಂತೆ ಕಿತ್ತಳೆ ಜಾಕೆಟ್ಟಿನ ಮೂವರು ಸೇತುವೆ ಬಳಿ ಬಂದರು. ತಡೆಗಳನ್ನು ಪಕ್ಕಕ್ಕೆ ಸರಿಸಿದರು. ಮಗಳು ಬರೆದ ಹಲಗೆಯನ್ನು ಕಂಬಿಗೆ ಬಿಗಿದರು: ‘ಕಾಮಗಾರಿ ಪೂರ್ಣಗೊಂಡಿದೆ. ಹಸಿ ಬಣ್ಣ, ಮುಟ್ಟಬೇಡಿ.’ ಬಣ್ಣದ ಒಂದು ಹನಿಯೂ ಅಲ್ಲಿರಲಿಲ್ಲ. ಸೇತುವೆ ಮೊದಲಿದ್ದಲ್ಲೇ ಮೊದಲಿನಷ್ಟೇ ತುಕ್ಕು ಹಿಡಿದು ನಿಂತಿತ್ತು.

ಮೊದಲು ಬಂದವರು ಮೇಷ್ಟ್ರು. ಹಲಗೆ ಓದಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗಾಲಿಟ್ಟು ನೋಡಿದರು.

“ಭಲೇ! ಮೊದಲು ಕಾಲಿಟ್ರೆ ತೊಟ್ಟಿಲ ಹಾಗೆ ಅಲ್ಲಾಡ್ತಿತ್ತು. ಈಗ ನೋಡು, ಬಂಡೆ! ಒಂದೇ ದಿನದಲ್ಲಿ ಮುಗಿಸಿದ್ರಲ್ಲಯ್ಯಾ!”

ಹಣ್ಣಿನವಳು ಬಂದಳು. ಅವಳಿಗೆ ಕೈ ಸುಮ್ಮನಿರಲಿಲ್ಲ, ಕಂಬಿಯನ್ನು ಒಂದು ಬೆರಳಿನಿಂದ ಸವರಿ ಬೆರಳು ನೋಡಿಕೊಂಡಳು. “ಒಣಗೇ ಹೋಗಿದೆ! ಒಳ್ಳೇ ಬಣ್ಣ ಹಾಕಿದಾರೆ ಕಣ್ರೀ, ಕೈಗೆ ಒಂಚೂರೂ ಹತ್ತಲ್ಲ.”

ಜನ ಸಾಲುಗಟ್ಟಿ ದಾಟತೊಡಗಿದರು. ಅಷ್ಟರಲ್ಲಿ ಕಂಟ್ರಾಕ್ಟರನ ಲಾರಿ ಗ್ಯಾಸ್ ಕಟರ್ ಹೇರಿಕೊಂಡು ಬಂತು. ಅವನು ಹಲಗೆ ಓದಿದ, ಕಿತ್ತಳೆ ಜಾಕೆಟ್ಟುಗಳನ್ನು ನೋಡಿದ, ಫೋನಿನಲ್ಲಿ ಇಂಜಿನಿಯರ್ ಸಾಹೇಬರ ಮೇಲೆ ಹರಿಹಾಯ್ದ. “ಕೆಲಸ ನಂಗೆ ಅಂದು ಇನ್ನೊಬ್ಬನ ಕೈಲಿ ಮಾಡಿಸಿದೀರಲ್ಲಾ ಸಾರ್, ಇದು ನ್ಯಾಯಾನಾ?” ಲಾರಿ ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಅದರ ಹಿಂದೆಯೇ ಸಾಹೇಬರ ಜೀಪು ಬಂತು.

ಸಾಹೇಬರು ಹಲಗೆಯನ್ನು ಎರಡು ಸಲ ಓದಿದರು. ಸೇತುವೆಯನ್ನು ನೋಡಿದರು. ಉಗ್ರಾಣಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, “ಮೇಲಿನೋರೇ ಮುಗಿಸಿಬಿಟ್ರಾ?” ಎಂದರು.

ನಿಜ ಹೇಳಿ ಹೇಳಿ ಸೋತಿದ್ದ ಉಗ್ರಾಣಿ ಈ ಸಲ ಬಾಯಿ ಬಿಡಲಿಲ್ಲ. ತಲೆಯೆತ್ತಿ ಆಕಾಶ ನೋಡಿದ. ಸಾಹೇಬರೂ ನೋಡಿದರು. “ಸರಿ ಸರಿ, ತಿಳೀತು,” ಎಂದು ಟೈ ಬಿಗಿಮಾಡಿಕೊಂಡು ಸದಸ್ಯರಿಗೆ ಫೋನು ಹಚ್ಚಿದರು. “ಸಾರ್, ನಾನು ಹೇಳಿದ್ನಲ್ಲ, ಮುಗೀತು. ಉದ್ಘಾಟನೆಗೆ ತಾವು ಬರ್ಬೇಕು.”

ಸದಸ್ಯರು ಉದ್ಘಾಟನೆಯೆಂದರೆ ಊಟ ಅರ್ಧಕ್ಕೆ ಬಿಟ್ಟು ಬರುವವರು. ಬಂದೇಬಿಟ್ಟರು. ದಾಟುತ್ತಿದ್ದ ಜನರನ್ನೆಲ್ಲ ತಡೆದು ನಿಲ್ಲಿಸಿ, ಕತ್ತರಿಸಲು ರಿಬ್ಬನ್ ಎಲ್ಲಿ ಎಂದರು. ರಿಬ್ಬನ್ ಯಾರೂ ತಂದಿರಲಿಲ್ಲ. ಆಗ ಸಾಹೇಬರಿಗೆ ಹೊಳೆಯಿತು. ಡ್ರೈವರನನ್ನು ಕಚೇರಿಗೆ ಓಡಿಸಿ ಡ್ರಾಯರಿನಲ್ಲಿದ್ದುದನ್ನು ತರಿಸಿದರು. “ಸಾರ್, ಈ ಕೆಲಸ ಶುರುವಾಗಿದ್ದೇ ಈ ಟೇಪಿಂದ. ಇದನ್ನೇ ಕತ್ತರಿಸಿದ್ರೆ ಶೋಭೆ.”

“ಸಾರ್, ಅದು ಬೇಡ ಸಾರ್, ದಯವಿಟ್ಟು…” ಎಂದು ಉಗ್ರಾಣಿ ಮುಂದೆ ನುಗ್ಗಿದ. ಬಾಮೈದ ಜಾಕೆಟ್ಟು ಹಿಡಿದು ಹಿಂದಕ್ಕೆಳೆದ. ಸೇತುವೆಗೆ ಅಡ್ಡಲಾಗಿ ಹಳದಿ ಟೇಪು ಬಿಗಿಯಾಯಿತು; ಅಳೆದು ಮಾಡಿಸಿದಂತೆ ಸರಿಯಾಗಿ ಕೂತಿತು.

“ಕತ್ತರಿ?” ಎಂದರು ಸದಸ್ಯರು.

“ಎದುರಿಗೇ ಟೈಲರ್ ಅಂಗಡಿ ಇದೆಯಲ್ಲ!” ಎಂದು ಮೇಷ್ಟ್ರು ಕೂಗಿದರು. “ಏನಮ್ಮಾ, ಕತ್ತರಿ ತಗೊಂಡು ಬಾ!”

ಬಟ್ಟೆಯ ಕತ್ತರಿಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸುವವಳಲ್ಲ ಅವಳು. ಸೇತುವೆ ತೆರೆದ ಸಂತೋಷಕ್ಕೆ ತಾನೇ ಹಿಡಿದುಕೊಂಡು ಸೇತುವೆಯ ಮೇಲೆ ಓಡಿಬಂದಳು. ಮುಖವೆಲ್ಲ ನಗು. ಸದಸ್ಯರ ಕೈಗೆ ಕತ್ತರಿ ಕೊಟ್ಟಳು. ಆಮೇಲೆ ಅವಳ ಕಣ್ಣು ಕಂಬಿಗೆ ಕಟ್ಟಿದ್ದ ಗಂಟಿನ ಮೇಲೆ, ಗಂಟಿನಿಂದ ಇಣುಕುತ್ತಿದ್ದ ಕೆಂಪು ದಾರದ ಮೇಲೆ ಬಿತ್ತು.

“ಅಯ್ಯೋ, ಅದು…” ಎಂದಳು.

ಕಚಕ್ ಎಂದಿತು ಕತ್ತರಿ. ಚಪ್ಪಾಳೆ ಬಿತ್ತು. ಸದಸ್ಯರು, “ಕೆಲಸ ನಡೀತಿದೆ ಅಂತ ಜನರಿಗೆ ಗೊತ್ತೇ ಆಗದ ಹಾಗೆ ಕೆಲಸ ಮಾಡೋದು ನಮ್ಮ ಪದ್ಧತಿ,” ಎಂದು ಭಾಷಣ ಶುರು ಮಾಡಿದರು. ಹೆಂಡತಿ ತುಂಡಾದ ಟೇಪಿನಿಂದ ಮೆಲ್ಲಗೆ ತಲೆಯೆತ್ತಿ, ಅಲ್ಲಿ ನಿಂತಿದ್ದ ಮೂರು ಜಾಕೆಟ್ಟುಗಳನ್ನು ಒಂದೊಂದಾಗಿ ನೋಡಿ, ಮೂರನೆಯದರಲ್ಲಿ ಕಣ್ಣು ನೆಟ್ಟಳು. ಉಗ್ರಾಣಿ ಹೆಲ್ಮೆಟ್ಟನ್ನು ಮೂಗಿನವರೆಗೆ ಎಳೆದುಕೊಂಡ. ಅವನ ಅದೃಷ್ಟಕ್ಕೆ ಅಷ್ಟರಲ್ಲಿ ಸಮವಸ್ತ್ರದ ಬಟ್ಟೆ ಹಿಡಿದ ತಾಯಂದಿರು ಮಕ್ಕಳನ್ನೆಳೆದುಕೊಂಡು ಅವಳ ಅಂಗಡಿಯತ್ತ ದೌಡಾಯಿಸಿದರು. ಅವಳು ಟೇಪಿನ ಎರಡೂ ತುಂಡುಗಳನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸದಸ್ಯರ ಕೈಯಿಂದ ಕತ್ತರಿ ಕಿತ್ತುಕೊಂಡು ಹೋದಳು.

ಸಂಜೆ ಎರಡು ತುಂಡುಗಳೂ ಊಟದ ಮೇಜಿನ ಮೇಲೆ ಬಂದು ಬಿದ್ದವು.

“ಹೇಳಿ,” ಎಂದಳು.

ಉಗ್ರಾಣಿ ಹೇಳಿದ. ಕುರ್ಚಿ, ಕಳ್ಳರು, ಲಾರಿ, ಮೇಷ್ಟ್ರು, ಡ್ರಾಯರು, ಒಂದನ್ನೂ ಬಿಡಲಿಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ.

“ಇಷ್ಟೆಲ್ಲಾ ಮಾಡಿ ಅಳೆದ್ರಲ್ಲ, ಉದ್ದ ಎಷ್ಟು ಬಂತು?”

ಉಗ್ರಾಣಿ ತುಂಬ ಹೊತ್ತು ಯೋಚಿಸಿದ. “ಮರೆತುಹೋಯ್ತು ಕಣೇ,” ಎಂದ.

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಸದ್ದಾಯಿತು. ಆ ವಾರವೆಲ್ಲ ಸೇತುವೆ ತುಂಬ ಜನ, ಅಂಗಡಿ ತುಂಬ ಮಕ್ಕಳು. ಮನೆಯಲ್ಲಿ ಮಾತ್ರ ಮಾತಿಲ್ಲ. ಪತ್ರಿಕೆಯ ಮೂಲೆಯಲ್ಲಿ, ಒಂದೂರಿನಲ್ಲಿ ಯಾರ ಕಣ್ಣಿಗೂ ಬೀಳದೆ ಸೇತುವೆಯೊಂದು ರಿಪೇರಿಯಾದ ಸುದ್ದಿ ಬಂತು. ಉಗ್ರಾಣಿಗೆ ಅದನ್ನು ಕತ್ತರಿಸಿಡುವ ಆಸೆ. ಮನೆಯಲ್ಲಿದ್ದ ಕತ್ತರಿ ಕೇಳುವ ಧೈರ್ಯವಾಗದೆ ಕೈಯಿಂದಲೇ ಹರಿದು ಡಬ್ಬಿಗೆ ಹಾಕಿದ.

ಭಾನುವಾರ ಮೇಜಿನ ಸುತ್ತ ಮೂವರೂ ಕೂತಿದ್ದಾಗ ಹೆಂಡತಿ ಅಂಗಡಿ ಬೇಗ ಮುಚ್ಚಿ ಬಂದಳು. ಸೀದಾ ತಮ್ಮನ ಹತ್ತಿರ ಹೋಗಿ, “ಏಳೋ ಆ ಕುರ್ಚಿಯಿಂದ,” ಎಂದಳು. ಅವನು ಪಿಟ್ಟೆನ್ನದೆ ಎದ್ದ. ಅವಳು ಕೂತು ಸೆರಗು ಸರಿಮಾಡಿಕೊಂಡಳು.

“ಒಂದೂರು. ಊರಲ್ಲೊಂದು ಸೇತುವೆ. ಸೇತುವೆ ಮೇಲೆ ಒಬ್ಬ ಕಾವಲುಗಾರ. ಅವನ ಜೇಬಲ್ಲಿ ಹೆಂಡ್ತೀನ ಕೇಳ್ದೆ ತಗೊಂಡ ಟೇಪು. ಹೆಂಡ್ತಿ ಕತ್ತರಿ ಹಿಡ್ಕೊಂಡು ಎದುರಿಗೆ ಬಂದಳು.” ದಾಳವನ್ನು ಉಗ್ರಾಣಿಯ ಮುಂದಕ್ಕೆ ತಳ್ಳಿದಳು. “ಹಾಕಿ. ಬದುಕ್ತಾನೋ ಇಲ್ವೋ ನೋಡೇಬಿಡೋಣ.”

ಉಗ್ರಾಣಿ ದಾಳ ಎತ್ತಿಕೊಂಡ. ಅಭ್ಯಾಸಬಲದಿಂದ ಟೀ ಪಾತ್ರೆಯ ಕಡೆ ಒಮ್ಮೆ ನೋಡಿದ. ಕಣ್ಣು ಮುಚ್ಚಿ ಹಾಕಿದ. ದಾಳ ಉರುಳಿತು, ಬಿಸ್ಕತ್ತಿನ ಡಬ್ಬಿಗೆ ಬಡಿಯಿತು, ತುಂಡು ಟೇಪಿನ ಪಕ್ಕ ಹೋಗಿ ನಿಂತಿತು. ಮಗಳು ಕಿರುಚಿದಳು. ಬಾಮೈದ ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಇಪ್ಪತ್ತು!

ಹೆಂಡತಿ ದಾಳವನ್ನೂ ಗಂಡನನ್ನೂ ನೋಡಿದಳು. ತುಟಿ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ.

“ಹಾಳಾಗಿ ಹೋಗ್ಲಿ, ಕಾವಲುಗಾರ ಬದುಕಿದ,” ಎಂದಳು. “ಬದುಕಿ, ಈಗಿಂದೀಗ್ಲೇ ಎದ್ದು, ಸೇತುವೆ ದಾಟಿ, ಹೆಂಡ್ತಿಗೆ ಹೊಸ ಟೇಪು ತರೋಕೆ ಹೋದ.”

ಉಗ್ರಾಣಿ ಆಗಲೇ ಚಪ್ಪಲಿ ಮೆಟ್ಟಿದ್ದ. ಬಾಗಿಲ ಹಿಂದಿನ ಮೊಳೆಯಲ್ಲಿ ಟೇಪಿದ್ದ ಜಾಗದಲ್ಲಿ ಈಗ ಕಿತ್ತಳೆ ಜಾಕೆಟ್ಟು ನೇತಾಡುತ್ತಿತ್ತು. ಕೈ ತಾನಾಗಿಯೇ ಅದರತ್ತ ಹೋಯಿತು.

“ಜಾಕೆಟ್ಟು,” ಎಂದಿತು ಕುರ್ಚಿಯ ಕಡೆಯಿಂದ ಬಂದ ದನಿ, “ಮನೇಲೇ ಬಿಟ್ಟು ಹೋದ.”